ಪಾರ್ಲರಿನಡಿಯ ಗಂಜಲಗಾಲುವೆ

ವೆನಿಕೂಂಬ್ ಮನೆಯಲ್ಲಿ ಕೆಸರುಬೂಟು ಹಾಕಿಕೊಂಡು ಹೋಗಬಾರದ ಕೋಣೆ ಎಂದರೆ ಬಂದವರನ್ನು ಕೂರಿಸುವ ಪಾರ್ಲರ್ ಒಂದೇ. ಅದರ ಹೊಸ್ತಿಲಲ್ಲಿ ಮುದುಕ ಈಲೈ ನಾಸ್‌ವರ್ದಿ ತಾನೇ ನಿಂತು ಬಂದವರ ಕಾಲು ನೋಡುತ್ತಿದ್ದ. ನೀವು ಮದುವೆಗೆ ಬಂದಿರಲಿ, ಸಾವಿಗೆ ಬಂದಿರಲಿ, ಬೂಟಿಗೆ ಮಣ್ಣು ಮೆತ್ತಿದ್ದರೆ ನಿಮಗೆ ಅಡುಗೆಮನೆಯಲ್ಲೇ ಚಹಾ.

"ರಾಜನ ದಂಡನಾಯಕ ಉಂಡು ಎದ್ದ ಕೋಣೆ ಕಣೋ ಜೇಬೆಜ್," ಎಂದು ನನಗೇ ಎಷ್ಟೋ ಸಲ ಹೇಳಿದ್ದಾನೆ. "ನಿನ್ನ ಹಂದಿದೊಡ್ಡಿ ಅಂದ್ಕೊಂಡ್ಯಾ?"

ನಾನು ಹಳ್ಳದಾಚೆಯವನು. ಅವನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದು ಬೇಲಿದಿಣ್ಣೆ. ಇಬ್ಬರಿಗೂ ಧಣಿ ಒಬ್ಬನೇ, ದೊಡ್ಡಮನೆಯ ಸರ್ ಆಂಬ್ರೋಸ್. ಡಾರ್ಟ್‌ಮೂರ್ ಬೆಟ್ಟದ ಈ ಮಗ್ಗುಲಲ್ಲಿ ಹುಲ್ಲಿಗೆ, ಕಲ್ಲಿಗೆ, ಹಳ್ಳದ ಮೀನಿಗೆ, ಸತ್ತ ಮೇಲೆ ಮಲಗುವ ಮಣ್ಣಿಗೆ ಕೂಡ ಅವನೇ ಧಣಿ. ನಮ್ಮ ಅಜ್ಜಂದಿರು ಅವನ ಅಜ್ಜಂದಿರಿಗೆ ಗೇಣಿ ಕೊಟ್ಟರು. ನಾವು ಇವನಿಗೆ ಕೊಡುತ್ತಿದ್ದೆವು.

ಆದರೆ ಮನೆ ಕಟ್ಟಿದವರು ನಾವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಕತೆಯಲ್ಲಿ ಯಾರೂ ಕೇಳದೇ ಇದ್ದ ಮಾತು ಅದೊಂದೇ.

ಆ ಮನೆಯನ್ನು ಇಳಿಜಾರಿನ ಉದ್ದಕ್ಕೂ ಮಲಗಿಸಿದ್ದಾರೆ. ತಲೆ ಬೆಟ್ಟದ ಕಡೆಗೆ, ಕಾಲು ಹಳ್ಳದ ಕಡೆಗೆ. ನಡುವಿನಲ್ಲಿ ಒಂದೇ ಒಂದು ಅಗಲವಾದ ಬಾಗಿಲು. ಒಳಗೆ ಹೋದರೆ ಹಿಂಬಾಗಿಲಿನವರೆಗೂ ಕಲ್ಲುಹಾಸಿನ ಓಣಿ, ಅದು ಮನೆಯನ್ನು ಎರಡು ಹೋಳು ಮಾಡುತ್ತದೆ. ಬಲಕ್ಕೆ ತಿರುಗಿದರೆ ಒಲೆಯ ಕೋಣೆ. ಮೊದಲು ಅಲ್ಲಿ ಒಲೆಯೇ ಇರಲಿಲ್ಲ. ನೆಲದ ನಡುವೆ ಬೆಂಕಿ, ಮೇಲೆ ಬರೀ ಹುಲ್ಲಿನ ಚಾವಣಿ. ಹೊಗೆ ತನಗೆ ತೋಚಿದ ಕಡೆ ಹೋಗುತ್ತಿತ್ತು. ಅಟ್ಟ ಹತ್ತಿ ನೋಡಿದರೆ ಜಂತೆಗಳು ಇವತ್ತಿಗೂ ಬಾಣಲೆಯ ತಳದ ಹಾಗೆ ಕಪ್ಪಗಿವೆ, ಮುಟ್ಟಿದರೆ ಬೆರಳಿಗೆ ಮಸಿ ಬರುತ್ತದೆ. ಆಮೇಲೆ ಒಬ್ಬ ನಾಸ್‌ವರ್ದಿ ಬೆಟ್ಟದಿಂದ ಕಗ್ಗಲ್ಲು ಎಳೆದು ತಂದು ಹೊಗೆಗೂಡು ಎಬ್ಬಿಸಿದ. ಹೊಗೆ ಹೊರಗೆ ಹೋದ ಮೇಲೆ ಮೇಲಿನ ಗಾಳಿಯೆಲ್ಲ ಖಾಲಿ ಉಳಿಯಿತಲ್ಲ, ಅವನ ಮಗನೋ ಮೊಮ್ಮಗನೋ ಆ ಗಾಳಿಗೆ ತೊಲೆ ಹೊಡೆದು ಮಾಳಿಗೆ ಮಾಡಿ ಮಕ್ಕಳನ್ನು ಮಲಗಿಸಿದ. ಸರಕಾರ ಕಿಟಕಿಗೂ ಕರ ಹಾಕಿದ ಕಾಲದಲ್ಲಿ ಒಂದು ಕಿಟಕಿಗೆ ಕಲ್ಲು ತುಂಬಿದರು. ಕರ ಹೋಯಿತು, ಕಲ್ಲು ಉಳಿಯಿತು, ಈಗ ಆ ಗೂಡಿನಲ್ಲಿ ರೊಟ್ಟಿ ಇಡುತ್ತಾರೆ. ಈಲೈನ ಅಪ್ಪ ಹುಲ್ಲು ಕಿತ್ತು ಸ್ಲೇಟ್ ಕಲ್ಲು ಹೊದಿಸಿದ. ಈಲೈನ ಹೆಂಡತಿ ನಲ್ಲಿ ಹಾಕಿಸಿದಳು. ಮಗಳು ಥರ್ಝಾ ಯುದ್ಧ ಮುಗಿದ ಮೇಲೆ ಕರೆಂಟು ತರಿಸಿದಳು, ಹಿಂದೆ ಬೆಣ್ಣೆ ಕಡೆಯುತ್ತಿದ್ದ ಕೋಣೆಯಲ್ಲಿ ಸ್ನಾನದ ತೊಟ್ಟಿ ಕೂರಿಸಿದಳು.

ಇದರಲ್ಲಿ ಒಂದು ಮೊಳೆಯನ್ನೂ ಧಣಿ ಹೊಡೆದಿಲ್ಲ. ನಾವು ಒಂದು ಗೋಡೆ ಏಳಿಸಿದಾಗಲೆಲ್ಲ ಅವನು ಬಂದು, "ಮನೆ ಚೆನ್ನಾಗಾಯ್ತಲ್ಲ," ಎಂದು ಗೇಣಿ ಏರಿಸಿ ಹೋಗುತ್ತಿದ್ದ. ಅವನ ದುಡಿಮೆ ಅಷ್ಟೇ.

ಇನ್ನು ಓಣಿಯಿಂದ ಎಡಕ್ಕೆ ತಿರುಗಿದರೆ ಆ ಪಾರ್ಲರ್. ಮರದ ಹಲಗೆಯ ನೆಲ. ಸುಣ್ಣದ ಗಾರೆಯ ಚಾವಣಿ, ಅದರ ನಡುವೆ ಗಾರೆಯಲ್ಲೇ ಅರಳಿದ ಒಂದು ಗುಲಾಬಿ. ಉದ್ದನೆಯ ಮೇಜು. ಆ ಹಲಗೆಯ ಮೇಲೆ ನಡೆದರೆ ಒಂದು ವಿಚಿತ್ರವಿತ್ತು. ಬಾಗಿಲ ಬಳಿ ಹೆಜ್ಜೆ ಗಟ್ಟಿಯಾಗಿ ಕೇಳುತ್ತಿತ್ತು, ಕೊನೆಯ ಗೋಡೆಯ ಕಡೆಗೆ ಹೋದಂತೆಲ್ಲ ಟೊಳ್ಳು ಟೊಳ್ಳಾಗಿ ತಮಟೆಯಂತೆ ಕೇಳುತ್ತಿತ್ತು.

"ಅದರಡಿ ದಂಡನಾಯಕನ ಮದ್ಯದ ನೆಲಮಾಳಿಗೆ ಇದೆ," ಎನ್ನುತ್ತಿದ್ದ ಈಲೈ, ದನಿ ತಗ್ಗಿಸಿ.

"ಒಂದ್ಸಲ ಎತ್ತಿ ನೋಡೋಣ ಈಲೈಯಪ್ಪ, ಒಂದೆರಡು ಬಾಟ್ಲಿ ಉಳಿದಿರಬೋದು," ಎಂದು ನಾನು ರೇಗಿಸಿದರೆ ಅವನ ಮುಖ ಕೆಂಪಾಗುತ್ತಿತ್ತು.

"ಚಾಪೆಲ್ಲಲ್ಲಿ ಕೈ ಎತ್ತಿ ಆಣೆ ಮಾಡಿದವನು ನಾನು. ಆ ಸೈತಾನನ ನೀರನ್ನ ಕಣ್ಣಲ್ಲೂ ನೋಡಲ್ಲ."

ನಮ್ಮ ಕಣಿವೆಯವರೆಲ್ಲ ಚಾಪೆಲ್ ಎಂಬ ಆ ಸಣ್ಣ ಪ್ರಾರ್ಥನಾಮಂದಿರದವರು. ಕುಡಿಯುವುದಿಲ್ಲವೆಂದು ಹುಡುಗರಿದ್ದಾಗಲೇ ಆಣೆ ಮಾಡಿದವರು. ಕೆಳಗೆ ಮದ್ಯವಿದೆ ಎಂದು ಹೇಳಿಬಿಟ್ಟರೆ ಸಾಕು, ನಾಸ್‌ವರ್ದಿ ಗಂಡಸರು ಯಾರೂ ಆ ಹಲಗೆಗೆ ಉಳಿ ಹಾಕುವುದಿಲ್ಲ ಎಂದು ಲೆಕ್ಕ ಹಾಕಿದ ಜಾಣೆ ಯಾರು ಎಂಬುದು ಆಮೇಲೆ ತಿಳಿಯಿತು.

*

ಈ ಕತೆ ನಡೆದ ವರ್ಷ ಬೇಸಿಗೆಯ ಕೊನೆಗೆ ಧಣಿಯ ಎಸ್ಟೇಟಿನ ಹೊಸ ಪಾರುಪತ್ಯಗಾರ ಲ್ಯಾಟಿಮರ್ ಬಂದ. ಮೃದು ಮಾತಿನ ಮನುಷ್ಯ. ಬೂಟು ಒರೆಸಿಕೊಂಡು ಒಳಗೆ ಬಂದದ್ದಕ್ಕೇ ಈಲೈಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಪಾರ್ಲರಿನಲ್ಲಿ ಕೂರಿಸಿದ. ಥರ್ಝಾ ಬನ್ನು, ಗಟ್ಟಿಕೆನೆ, ಜಾಮು ತಂದಿಟ್ಟಳು. ಈಲೈ ದಂಡನಾಯಕನ ಕತೆಯನ್ನು ತಲೆಯಿಂದ ಬಾಲದವರೆಗೆ ಬಿಚ್ಚಿದ. ಯಾವ ಯುದ್ಧ, ಎಂಥ ಚಳಿ, ಎಷ್ಟು ಕುದುರೆ, ಯಾವ ಕುರ್ಚಿ.

"ಅಂದ್ರೆ ಇದು ಗೌರವಸ್ಥರ ಭೋಜನಶಾಲೆ," ಎಂದ ಲ್ಯಾಟಿಮರ್.

"ಮತ್ತಿನ್ನೇನು ಸಾರ್! ನಮ್ಮಜ್ಜಿ ಗ್ರೇಸ್ ಬಾಯಲ್ಲೇ ಕೇಳಿದ್ದು."

"ಆ ಗುಲಾಬಿ?"

"ಅದೂ ಆ ಕಾಲದ್ದೇ ಇರ್ಬೇಕು."

ಕೆನೆ ಬಡಿಸುತ್ತಿದ್ದ ಥರ್ಝಾಳ ಚಮಚ ತಟ್ಟೆಗೆ ತಾಗಿ ಸದ್ದಾಯಿತಂತೆ. ಅಪ್ಪ ತಿರುಗಿ ಗದರಿದ.

ಚಳಿಗಾಲ ಹತ್ತುವ ಹೊತ್ತಿಗೆ ಲ್ಯಾಟಿಮರ್ ಮತ್ತೆ ಬಂದ. ಆಗಲೂ ಬೂಟು ಒರೆಸಿಕೊಂಡ. ವೆನಿಕೂಂಬ್ ರೈತನ ಮನೆಯೇ ಅಲ್ಲವೆಂದೂ, ಧಣಿಗಳ ಪೂರ್ವಿಕರ ಬಂಗಲೆಯೆಂದೂ, ನಾಸ್‌ವರ್ದಿಗಳನ್ನು ಯಾವಾಗಲೋ ಕಾವಲಿಗೆಂದು ಅಲ್ಲಿ ಇರಿಸಿರಬೇಕೆಂದೂ ಹೇಳಿದ. ನಮ್ಮ ಗುತ್ತಿಗೆಯ ಕಟ್ಟಳೆ ಹೀಗೆ: ರೈತನ ಮನೆಯಾದರೆ ಅದು ಹೊಲದ ಜೊತೆಗೆ ರೈತನಿಗೇ, ಹೊಲ ಉಳುವ ತನಕ ಬಿಡಿಸುವ ಹಾಗಿಲ್ಲ. ಧಣಿಯ ಮನೆಯಾದರೆ ಧಣಿ ಕೇಳಿದ ದಿನ ಬಿಡಬೇಕು. ಸರ್ ಆಂಬ್ರೋಸ್ ಕೇಳಿದ್ದ. ರೈತ ಒಪ್ಪದಿದ್ದರೆ ಹೊರಗಿನಿಂದ ಒಬ್ಬ ಮಧ್ಯಸ್ಥಗಾರ ಬಂದು ಮನೆ ನೋಡಿ ತೀರ್ಪು ಹೇಳಬೇಕು. ಆಗ ದೊಡ್ಡವರೆಲ್ಲ ತಮ್ಮ ಹಳೆಮನೆಗಳಿಗೆ ಟಿಕೆಟ್ ಇಟ್ಟು ಜನರನ್ನು ಒಳಗೆ ಬಿಡಲು ಶುರುಮಾಡಿದ್ದರು.

"ಮನೆಯನ್ನ ಅದರ ಮೂಲಸ್ವರೂಪಕ್ಕೆ ತರ್ತೀವಿ," ಎಂದ ಲ್ಯಾಟಿಮರ್, ಯಾರಿಗೋ ಉಪಕಾರ ಮಾಡುವವನಂತೆ. "ಆಮೇಲೆ ಸೇರಿಸಿದ್ದನ್ನೆಲ್ಲ ತೆಗೀಬೇಕಾಗುತ್ತೆ. ಮಾಳಿಗೆ, ಹಿಂದಕ್ಕೆ ಚಾಚಿರೋ ಕೋಣೆ, ಆ ಸ್ನಾನದ ತೊಟ್ಟಿ ಇತ್ಯಾದಿ. ನಿಮಗೆ ರಸ್ತೆ ಪಕ್ಕ ಹೊಸಾ ಸಿಮೆಂಟ್ ಮನೆ."

"ಇತ್ಯಾದಿ ಅಂದ್ರೆ?" ಎಂದಳು ಥರ್ಝಾ.

"ಅಂದ್ರೆ?"

"ಮಾಳಿಗೇಲಿ ನಾನು ಹುಟ್ಟಿದ್ದು. ಅಲ್ಲೇ ಅಮ್ಮ ಸತ್ತಿದ್ದು. ಅದು ನಿಮ್ಮ ಇತ್ಯಾದೀಲಿ ಬರುತ್ತಾ ಅಂತ ಕೇಳ್ದೆ."

"ನಿಮ್ಮ ಭಾವನೆ ಅರ್ಥ ಆಗುತ್ತೆ, ಮಿಸ್ ನಾಸ್‌ವರ್ದಿ. ಆದ್ರೆ ಭೋಜನಶಾಲೆ ಅಂತ ನಾವು ಹೇಳಿದ್ದಲ್ಲ. ನಿಮ್ಮ ತಂದೆಯವರೇ ಹೇಳಿದ್ದು."

ಅವನು ಹೋದ ಮೇಲೆ ಈಲೈ ಆ ಉದ್ದ ಮೇಜಿನ ತುದಿಯಲ್ಲಿ ಕೂತ.

"ನನ್ನ ನಾಲಿಗೇನೇ ನನ್ನ ಮನೆ ತಿಂತು," ಎಂದನಂತೆ. ಆಮೇಲೆ ಅವನಿಗೆ ಅವನೇ ಸಮಾಧಾನ ಹೇಳಿಕೊಂಡ. "ತೀರ್ಪು ಮಾಡಕ್ಕೆ ಬರೋನು ನೋಡ್ಲಿ. ಈ ಕೋಣೆ ಎಷ್ಟು ಚೊಕ್ಕವಾಗಿ ಇಟ್ಟಿದೀವಿ ಅಂತ ನೋಡ್ಲಿ. ಇಂಥವರನ್ನ ಓಡಿಸಬಾರದು ಅಂತ ಅವನಿಗೇ ಅನ್ಸುತ್ತೆ."

ನಮ್ಮವರ ಈ ತಪ್ಪಿಗೆ ನನಗೆ ಸಿಟ್ಟೂ ಬರುತ್ತದೆ, ಮರುಕವೂ ಬರುತ್ತದೆ. ಚೊಕ್ಕವಾಗಿದ್ದರೆ, ಮರ್ಯಾದೆಯಾಗಿದ್ದರೆ, ಮೇಜಿಗೆ ಮೇಣ ತಿಕ್ಕಿದ್ದರೆ ಧಣಿಗೆ ದಯೆ ಬರುತ್ತದೆ ಎಂದು ನಾವು ನಂಬುತ್ತಲೇ ಬಂದೆವು. ಅವನಿಗೆ ಬರುವುದು ಆಸೆ.

*

ವಿಚಾರಣೆಗೆ ಮುಂಚಿನ ವಾರ ಥರ್ಝಾ ಮತ್ತು ನಾನು ಬೇಲಿ ಕಟ್ಟುತ್ತಿದ್ದೆವು. ದಿಣ್ಣೆಯ ಮೇಲಿನ ಗಿಡದ ಕಾಂಡವನ್ನು ಅರ್ಧ ಕಡಿದು, ಮುರಿಯದ ಹಾಗೆ ಬಾಗಿಸಿ, ಒಂದರ ಮೇಲೊಂದು ಮಲಗಿಸಬೇಕು. ಥರ್ಝಾ ಈ ಕೆಲಸದಲ್ಲಿ ನನಗಿಂತ ಚುರುಕು. ಅವತ್ತು ಮಾತ್ರ ಎರಡು ಕಾಂಡ ಪೂರ್ತಿ ಕತ್ತರಿಸಿ ಹಾಕಿದಳು.

"ಕೈ ಎಲ್ಲೋ ಇದೆ, ಮನಸ್ಸು ಎಲ್ಲೋ ಇದೆ," ಎಂದೆ. "ಯಾವನಾದ್ರೂ ಸಿಕ್ಕಿದ್ನಾ?"

"ನಲವತ್ತೈದಾಯ್ತು ಜೇಬೆಜ್ ನಂಗೆ. ಸಿಕ್ಕಿದ್ರೆ ನಿನಗೇ ಮೊದ್ಲು ಹೇಳಿ ನಿನ್ನ ಹೊಟ್ಟೆ ಉರಿಸ್ತಿದ್ದೆ." ನಗಲಿಲ್ಲ. ಕುಡುಗೋಲನ್ನು ದಿಣ್ಣೆಗೆ ಚುಚ್ಚಿದಳು. "ಒಂದು ಮಾತು ಕೇಳ್ಲಾ? ಮನೆ ಉಳಿಸ್ಬೇಕು ಅಂದ್ರೆ ಮನೇಲಿರೋ ಮುದುಕನ ತಲೆ ಊರೆದುರು ತಗ್ಗಿಸ್ಬೇಕು ಅಂತಾದ್ರೆ, ನೀನೇನು ಮಾಡ್ತೀಯಾ?"

"ಆ ಮುದುಕ ನನ್ನ ನೂರು ಸಲ ಪಾರ್ಲರಿಂದ ಓಡಿಸಿದ್ದಾನೆ. ಸಂತೋಷವಾಗಿ ತಗ್ಗಿಸ್ತೀನಿ."

"ತಮಾಷೆ ಬೇಡ ಕಣೋ."

ಆಗ ಹೇಳಿದಳು.

ನಮ್ಮಲ್ಲಿ ವರ್ಷಕ್ಕೆರಡು ಸಲ ಗೇಣಿದಿನ. ಗಂಡಸರೆಲ್ಲ ಭಾನುವಾರದ ಕೋಟು ಹಾಕಿಕೊಂಡು ಪೇಟೆಯ ಹೋಟೆಲಿಗೆ ಹೋಗಿ, ಪಾರುಪತ್ಯಗಾರನಿಗೆ ಗೇಣಿ ಎಣಿಸಿ, ಧಣಿಯ ಲೆಕ್ಕದಲ್ಲಿ ಒಂದು ತುಂಡು ಮಾಂಸ ತಿಂದು, ಅವನ ಆಯುರಾರೋಗ್ಯಕ್ಕೆ ನಿಂಬೆಶರಬತ್ತು ಎತ್ತಿ ಕುಡಿದು ಬರುವ ದಿನ. ಅವತ್ತು ಮನೆಗಳಲ್ಲಿ ಹೆಂಗಸರು ಮಾತ್ರ. ವೆನಿಕೂಂಬ್‌ನಲ್ಲಿ ಆ ದಿನ ಮನೆಯ ಹಿರಿ ಹೆಂಗಸು ಪಾರ್ಲರಿನ ಚಾಪೆ ಸುತ್ತಿ, ಒಂದು ಹಲಗೆ ಎತ್ತಿ, ಕೆಳಗೆ ಬಕೆಟ್ ಬಕೆಟ್ ನೀರು ಸುರಿಯುತ್ತಿದ್ದಳು. ಸುರಿಯದಿದ್ದರೆ ಮಳೆಗಾಲದಲ್ಲಿ ವಾಸನೆ ಏಳುತ್ತಿತ್ತು.

ಯಾವ ವಾಸನೆ? ದನದ ವಾಸನೆ. ಪಾರ್ಲರ್ ದನದ ಕೊಟ್ಟಿಗೆ.

ಈಲೈನ ಅಜ್ಜಿ ಗ್ರೇಸ್ ಸೊಸೆಯಾಗಿ ಬಂದಾಗ ಆ ಕೋಣೆಯಲ್ಲಿ ಹಸುಗಳಿದ್ದವು. ಮನುಷ್ಯರು ಬಲಕ್ಕೆ, ಹಸುಗಳು ಎಡಕ್ಕೆ, ಇಬ್ಬರಿಗೂ ಅದೇ ಬಾಗಿಲು. ಹಸುಗಳ ಮೈಶಾಖ ಚಳಿಗಾಲದಲ್ಲಿ ಓಣಿ ದಾಟಿ ಮಕ್ಕಳ ಹಾಸಿಗೆಯವರೆಗೂ ಬರುತ್ತಿತ್ತಂತೆ. ಒಂದು ದಿನ ಪಾದ್ರಿಯ ಹೆಂಡತಿ ಬಂದಳು. ಬಾಗಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದು, "ಅಯ್ಯೋ, ನೀವು ಇವುಗಳ ಜೊತೇಲೇ ಇರ್ತೀರಾ?" ಎಂದಳು. ಅಷ್ಟೇ. ಗ್ರೇಸ್ ಆ ವರ್ಷವೇ ಅಂಗಳದಲ್ಲಿ ಬೇರೆ ಕೊಟ್ಟಿಗೆ ಕಟ್ಟಿಸಿ ಹಸುಗಳನ್ನು ಹೊರಗೆ ಅಟ್ಟಿದಳು. ಇಳಿಜಾರು ನೆಲದ ಮೇಲೆ ಹಲಗೆ ಹಾಸಿದಳು, ಗೋಡೆಗೆ ಸುಣ್ಣ ಬಳಿಸಿದಳು, ತಮ್ಮನ ಕೈಯಲ್ಲಿ ಚಾವಣಿಗೆ ಗುಲಾಬಿ ಬಿಡಿಸಿದಳು. ಆ ಕರವಸ್ತ್ರದ ಮೇಲಿನ ಸೇಡಿಗೆ ರಾಜನ ದಂಡನಾಯಕನನ್ನೇ ಕರೆದು ಊಟಕ್ಕೆ ಕೂರಿಸಿದಳು. ಕೆಳಗೆ ಮದ್ಯದ ನೆಲಮಾಳಿಗೆಯನ್ನೂ ಅವಳೇ ತೋಡಿದಳು, ಬರೀ ಬಾಯಲ್ಲಿ. ತನ್ನ ಸೊಸೆಗೆ ಮಾತ್ರ ನಿಜ ಹೇಳಿದಳು. ಆ ಸೊಸೆ ತನ್ನ ಸೊಸೆಗೆ ಹೇಳಿದಳು. ಆಕೆ ಮಗಳು ಥರ್ಝಾಗೆ.

"ಗಂಡಸರಿಗೆ ಗೊತ್ತಿಲ್ವಾ?" ಎಂದೆ.

"ಗೊತ್ತಿದ್ದ ಮುತ್ತಜ್ಜ ಬಾಯಿ ಬಿಡದೆ ಸತ್ತ. ಅಪ್ಪನ ಇಡೀ ಜೀವ ಆ ಕೋಣೇಲಿ ನಿಂತಿದೆ ಜೇಬೆಜ್. ಗೇಣಿದಿನ ಆ ಹೋಟ್ಲಲ್ಲಿ ಧಣಿಯ ಮೇಜಿನ ಕೊನೇಲಿ ಕೂತು ಬರ್ತಾನಲ್ಲ, ಬಂದವನೇ ತನ್ನ ಮೇಜಿನ ತಲೇಲಿ ಕೂರ್ತಾನೆ. ಅಲ್ಲಿ ಒಂದು ಗಳಿಗೆ ಅವನು ಯಾರ ಗೇಣಿದಾರನೂ ಅಲ್ಲ. ಅದನ್ನ ನಾನು ಹೇಗೆ ಕಿತ್ಕೊಳ್ಳಲಿ?"

ನಾನು ಒಂದು ಕಾಂಡ ಬಾಗಿಸಿ ಮಲಗಿಸಿದೆ.

"ಹೇಳ್ದೆ ಇದ್ರೆ ಮನೆ ಹೋಗುತ್ತೆ," ಎಂದಳು ಅವಳೇ. ಕುಡುಗೋಲು ಕಿತ್ತುಕೊಂಡಳು.

*

ಮಧ್ಯಸ್ಥಗಾರ ಪ್ಯಾಸ್ಕೋ ಕಾರ್ನ್‌ವಾಲ್ ಕಡೆಯ ಕುಳ್ಳ ಮನುಷ್ಯ. ಮಾತು ಕಡಿಮೆ. ಮಟಮಟ ಮಧ್ಯಾಹ್ನ, ಹದವಾದ ಬಿಸಿಲು. ಕಣಿವೆಯ ಗೇಣಿದಾರರೆಲ್ಲ ಬಂದಿದ್ದೆವು, ಯಾಕೆಂದರೆ ವೆನಿಕೂಂಬ್ ಹೋದರೆ ಮುಂದಿನ ವರ್ಷ ನಮ್ಮ ಮನೆಗಳಲ್ಲೂ ದಂಡನಾಯಕರು ಉಂಡಿರುತ್ತಾರೆ ಎಂಬುದು ನಮಗೆ ಗೊತ್ತಿತ್ತು. ಈಲೈ ಭಾನುವಾರದ ಕೋಟು ಹಾಕಿ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರ ಕಾಲನ್ನೂ ನೋಡಿ ಒಳಗೆ ಬಿಟ್ಟ. ಮೇಜು ಕನ್ನಡಿಯಂತೆ ಹೊಳೆಯುತ್ತಿತ್ತು. ಥರ್ಝಾ ಎಲ್ಲರಿಗೂ ಬನ್ನು ಬೆಣ್ಣೆ ಇಟ್ಟಿದ್ದಳು. ಮನೆ ಕಿತ್ತುಕೊಳ್ಳಲು ಬಂದವನಿಗೂ ಚಹಾ ಕೊಡುವುದು ನಮ್ಮ ರೂಢಿ.

"ನಾನು ಉತ್ತರ ಹೇಳ್ಬೇಕಾದ ಪ್ರಶ್ನೆ ಒಂದೇ," ಎಂದ ಪ್ಯಾಸ್ಕೋ. "ಈ ಮನೆ ಹುಟ್ಟಿದ್ದು ಯಾರಿಗೆ? ಉಳೋನಿಗೋ, ಧಣಿಗೋ?"

ಲ್ಯಾಟಿಮರ್ ಚೆನ್ನಾಗಿ ಮಾತಾಡಿದ. ಕೋಣೆಯ ಉದ್ದಗಲ ತೋರಿಸಿದ. ಚಾವಣಿಯ ಗುಲಾಬಿ ಸರ್ ಆಂಬ್ರೋಸ್ ವಂಶದ ಲಾಂಛನದಲ್ಲೂ ಇದೆ ಎಂದ. ಕೊನೆಗೆ ಈಲೈ ಕಡೆ ತಿರುಗಿದ.

"ಇಲ್ಲಿ ರಾಜನ ದಂಡನಾಯಕರು ಊಟ ಮಾಡಿದ್ರು ಅಂತ ನೀವು ಹೇಳಿದ್ದು ನಿಜವಾ?"

ಈಲೈಗೆ ಒಂದು ಸುಳ್ಳು ಸಾಕಿತ್ತು. ನೆನಪಿಲ್ಲ ಎಂದಿದ್ದರೂ ಸಾಕಿತ್ತು. ಅವನು ಎದ್ದು ನಿಂತ.

"ನಿಜ ಸಾರ್. ನಮ್ಮಜ್ಜಿ ಸುಳ್ಳು ಹೇಳೋಳಲ್ಲ."

ಲ್ಯಾಟಿಮರ್ ಕೂತ. ಆಗ ಥರ್ಝಾ ಒಲೆಯ ಕೋಣೆಯಿಂದ ಬೆಂಕಿ ಕೆದಕುವ ಕಬ್ಬಿಣದ ಸರಳು ಹಿಡಿದು ಬಂದಳು.

"ಜರುಗ್ರಿ," ಎಂದಳು ಪ್ಯಾಸ್ಕೋಗೆ. ಅವನು ಕುರ್ಚಿ ಸಮೇತ ಜರುಗಿದ. ಚಾಪೆ ಸುತ್ತಿದಳು, ಸರಳಿನ ಮೊನೆಯನ್ನು ಹಲಗೆಯ ಸಂದಿಗೆ ತೂರಿಸಿದಳು.

"ಥರ್ಝಾ! ಅಲ್ಲಿ ಮದ್ಯ ಇದೆ!" ಎಂದ ಈಲೈ.

"ಇಲ್ಲಪ್ಪ," ಎಂದಳು. ಹಲಗೆ ಎದ್ದಿತು.

ಮೊದಲು ಎದ್ದದ್ದು ವಾಸನೆ. ಹಳೆಯದು, ಮಂದವಾದದ್ದು, ಆದರೆ ದನ ಕಟ್ಟಿದವರಿಗೆ ಗುರುತು ಸಿಗದೇ ಇರುವಂಥದ್ದಲ್ಲ. ಕೋಣೆ ತುಂಬ ಇದ್ದ ದನಗಾಹಿಗಳ ಮೂಗು ಒಟ್ಟಿಗೇ ಮೇಲೆದ್ದವು. ಬಗ್ಗಿ ನೋಡಿದರೆ ಕಲ್ಲಿನ ನೆಲ, ಅದರ ನಡುವೆ ಕಲ್ಲಿನಲ್ಲೇ ಕೊರೆದ ಒಂದು ಗಂಜಲಗಾಲುವೆ.

ಥರ್ಝಾ ನಡೆದದ್ದನ್ನೆಲ್ಲ ಹೇಳಿದಳು. ಕರವಸ್ತ್ರ, ಹಲಗೆ, ದಂಡನಾಯಕ, ಗೇಣಿದಿನದ ಬಕೆಟ್. ಅಪ್ಪನ ಮುಖ ಮಾತ್ರ ನೋಡಲಿಲ್ಲ.

ಚಾಪೆಲ್ಲಿನಲ್ಲಿ ಹಾರ್ಮೋನಿಯಂ ಬಾರಿಸುವ ಮಿಸೆಸ್ ಕಾಂಟರ್ ಬಾಯಿಗೆ ಕೈ ಒತ್ತಿಕೊಂಡಳು. ತಡೆಯಲಾಗಲಿಲ್ಲ. "ದೇವರೇ! ಇಷ್ಟು ವರ್ಷ ನಾವು ಕಿರುಬೆರಳು ಎತ್ತಿ ಚಹಾ ಕುಡಿದಿದ್ದು ಗಂಜಲದ ಮೇಲಾ!"

ಹಿಂದೆ ಯಾರೋ ಮುಸಿಮುಸಿ ನಕ್ಕರು. ನಗು ಹರಡಿತು. ನನಗೂ ಬಂತು, ನುಂಗಿದೆ. ಈಲೈ ಬಿಳಿಚಿಕೊಂಡಿದ್ದ.

"ನಿಂಗೆ ಯಾವಾಗಿಂದ ಗೊತ್ತು?" ಎಂದ.

"ಹುಡುಗಿ ಆಗಿದ್ದಾಗಿಂದ. ಅಮ್ಮ ತೋರಿಸಿದ್ಲು."

"ನಿಮ್ಮಮ್ಮನಿಗೂ ಗೊತ್ತಿತ್ತಾ?"

"ಅವಳಿಗೆ ನಿಮ್ಮಮ್ಮನೇ ತೋರಿಸಿದ್ದು."

"ಎಲ್ಲಾ ಹೆಂಗಸರಿಗೂ ಗೊತ್ತು," ಎಂದ ಈಲೈ ಮೆಲ್ಲಗೆ. "ನಾನೊಬ್ಬ ಹೊಸ್ತಿಲು ಕಾಯ್ತಾ ಇದ್ದೆ."

ಲ್ಯಾಟಿಮರ್ ಗಂಟಲು ಸರಿಮಾಡಿಕೊಂಡ. ಒಂದು ಹಲಗೆಯಡಿ ಒಂದು ಕಾಲುವೆ ಸಿಕ್ಕಿದ ಮಾತ್ರಕ್ಕೆ ಕೊಟ್ಟಿಗೆಯೆಂದು ಹೇಳಲಾಗದು, ದೊಡ್ಡಮನೆಗಳ ಅಡುಗೆಕೋಣೆಗೂ ಕಾಲುವೆ ಇರುತ್ತದೆ, ವಾಸನೆ ಹೊಲದಿಂದಲೂ ಬರಬಹುದು ಎಂದ. ಪ್ಯಾಸ್ಕೋ ತಲೆದೂಗಿದ. "ಇಷ್ಟು ಕಿಂಡೀಲಿ ನಾನು ಏನೂ ಹೇಳಲಾರೆ ಮಿಸ್ ನಾಸ್‌ವರ್ದಿ."

ಥರ್ಝಾ ಸರಳು ಹಿಡಿದುಕೊಂಡು ಹಾಗೇ ನಿಂತಳು. ಅಪ್ಪನ ಮಾನವೂ ಹೋಯಿತು, ಮನೆಯೂ ಹೋಗುವುದರಲ್ಲಿತ್ತು. ಈಲೈ ಆಗ ಎಲ್ಲರನ್ನೂ ಸರಿಸಿಕೊಂಡು ಕಿಂಡಿಯ ಬಳಿ ಬಂದ. ಭಾನುವಾರದ ಪ್ಯಾಂಟಿನಲ್ಲೇ ಮೊಣಕಾಲೂರಿದ. ತೋಳನ್ನು ಭುಜದವರೆಗೆ ಒಳಗೆ ಬಿಟ್ಟು ಕಾಲುವೆಯ ಕಲ್ಲನ್ನು ಸವರಿದ. ಮತ್ತೆ ಸವರಿದ. ಮುಖದಲ್ಲಿ ಏನೋ ಬದಲಾಗುತ್ತಿತ್ತು.

"ಎಷ್ಟು ನುಣುಪು," ಎಂದ, ಯಾರಿಗೂ ಅಲ್ಲದ ಹಾಗೆ. "ಒಂದು ಕಡೆನೂ ಅಂಕುಡೊಂಕಿಲ್ಲ. ಕಗ್ಗಲ್ಲಲ್ಲಿ ಹೀಗೆ ಕೊರೀಬೇಕಾದ್ರೆ..." ತಲೆ ಎತ್ತಿದ. "ಜೇಬೆಜ್!"

"ಏನು ಈಲೈಯಪ್ಪ?"

"ಗಾಡಿಮನೇಲಿ ಹಾರೆ ಇದೆ ತಗೊಂಡ್ಬಾ. ಬೂಟು ಬಿಚ್ಬೇಡ. ಹಾಗೇ ಬಾ."

ನಾವು ಐದಾರು ಜನ ಗಂಡಸರು ಆ ಪಾರ್ಲರಿನ ಹಲಗೆಗಳನ್ನು ಎಬ್ಬಿಸಿದೆವು. ಮೇಜನ್ನು ಈಲೈಯೇ ಓಣಿಗೆ ನೂಕಿದ, ಅದರ ಮೇಣದ ಮೇಲೆ ಗೀಚು ಬಿದ್ದದ್ದನ್ನು ತಿರುಗಿಯೂ ನೋಡಲಿಲ್ಲ. ಬಾಗಿಲ ಬಳಿ ಹಲಗೆಯಡಿ ಒಂದು ಬೆರಳು ಸಂದಿಯಿದ್ದರೆ ಕೊನೆಯ ಗೋಡೆಯ ಬಳಿ ಮೊಣಕಾಲುದ್ದ ಹಳ್ಳ. ಟೊಳ್ಳು ಸದ್ದಿನ ಗುಟ್ಟು ಅದೇ. ಇಡೀ ನೆಲ ಓಣಿಯಿಂದ ಕೆಳಗೋಡೆಯ ಕಡೆಗೆ ಸಲೀಸಾಗಿ ಇಳಿಯುತ್ತಿತ್ತು. ಎರಡೂ ಪಕ್ಕದ ಗೋಡೆಗುಂಟ ಕಲ್ಲಿನಲ್ಲಿ ತೂತುಗಳು, ದನ ಕಟ್ಟುವ ಗೂಟಕ್ಕೆ. ಕಾಲುವೆ ನೆಟ್ಟಗೆ ಹೋಗಿ ಗೋಡೆಯ ಬುಡದಲ್ಲಿ ಒಂದು ಬಿಲದೊಳಗೆ ಮಾಯವಾಗುತ್ತಿತ್ತು.

ಪ್ಯಾಸ್ಕೋ ಇಳಿದು ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಮೇಲೆ ಬಂದು ತನ್ನ ಬನ್ನಿಗೆ ಬೆಣ್ಣೆ ಹಚ್ಚಲು ಹೋದವನು ನಿಂತ. ಬೆಣ್ಣೆಯುಂಡೆಯ ಮೇಲೆ ಗುಲಾಬಿಯ ಅಚ್ಚಿತ್ತು. ಪ್ರತಿ ಮನೆಯ ಬೆಣ್ಣೆಗೂ ಅದರದೇ ಅಚ್ಚಿರುವುದು ನಮ್ಮ ಕಡೆಯ ಪದ್ಧತಿ. ಅವನು ಬೆಣ್ಣೆ ನೋಡಿದ, ಚಾವಣಿ ನೋಡಿದ, ಮತ್ತೆ ಬೆಣ್ಣೆ ನೋಡಿದ. ಎಸಳುಗಳೂ ಅಷ್ಟೇ, ಎಡಗಡೆಯ ಸೊಟ್ಟ ಎಲೆಯೂ ಅದೇ.

"ಈ ಲಾಂಛನ ನಿಮ್ಮ ಸರ್ ಆಂಬ್ರೋಸ್ ಅವರ ಮನೇಲಿ ಬೆಣ್ಣೆ ಮೇಲೂ ಹಾಕ್ತಾರಾ?" ಎಂದು ಲ್ಯಾಟಿಮರನನ್ನು ಕೇಳಿದ.

ಲ್ಯಾಟಿಮರ್ ಕೆಂಪಾದ. "ಆದ್ರೂ ಸರ್, ಇದು ಏನೋ ದಾಸ್ತಾನು ಕೋಣೆ ಆಗಿರಬೋದಲ್ಲ..."

"ಈಲೈ ಎಲ್ಲಿ?" ಎಂದಳು ಮಿಸೆಸ್ ಕಾಂಟರ್.

ಅಂಗಳದಲ್ಲಿ ಗೊರಸಿನ ಸದ್ದಾಯಿತು. ಮುಂಬಾಗಿಲ ಬೆಳಕು ಮುಚ್ಚಿತು. ಈಲೈ ತನ್ನ ಕೆಂಪು ಹಸು ಡಚೆಸ್‌ಳ ಹಗ್ಗ ಹಿಡಿದು ನಿಂತಿದ್ದ, ಭಾನುವಾರದ ಕೋಟಿನ ತೋಳಿಗೆ ಕರೀ ಕೆಸರು.

"ಇದೆಲ್ಲ ಅಗತ್ಯ ಇಲ್ಲ ಮಿಸ್ಟರ್ ನಾಸ್‌ವರ್ದಿ, ನನಗೆ ಕಾಣಬೇಕಾದ್ದು ಕಂಡಿದೆ," ಎಂದ ಪ್ಯಾಸ್ಕೋ.

"ನಿಮಗೆ ಬೇಡ ಇರಬೋದು ಸಾರ್. ನಂಗೆ ಬೇಕು. ದಾರಿ ಬಿಡಿ."

ಬಿಟ್ಟೆವು. ಹಗ್ಗ ಸಡಿಲ ಮಾಡಿದ. ಡಚೆಸ್ ಆ ಬಾಗಿಲೊಳಗೆ ಯಾವತ್ತೂ ಬಂದವಳಲ್ಲ. ಓಣಿಯಲ್ಲಿ ಒಂದು ಕ್ಷಣ ನಿಂತು ಮೂಸಿದಳು. ಬಲಕ್ಕೆ ಒಲೆಯ ಬೆಂಕಿ, ಎಡಕ್ಕೆ ಬರಿಗಲ್ಲು. ಎಡಕ್ಕೆ ತಿರುಗಿದಳು. ಲ್ಯಾಟಿಮರನ ಮಗ್ಗುಲಿಗೆ ಮೈ ಉಜ್ಜಿಕೊಂಡೇ ಒಳಗೆ ಹೋಗಿ, ಗೋಡೆಗೆ ತಲೆ, ಕಾಲುವೆಗೆ ಬಾಲ ಮಾಡಿ, ಗೂಟದ ತೂತಿನ ಎದುರು ಅಳತೆ ತೆಗೆದ ಹಾಗೆ ನಿಂತಳು. ಎರಡು ಉಸಿರು ಬಿಟ್ಟಳು. ಆಮೇಲೆ ಬಾಲ ಎತ್ತಿದಳು.

ಉಚ್ಚೆ ಕಾಲುವೆಗೆ ಬಿತ್ತು. ಎಲ್ಲೂ ಚೆಲ್ಲಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಸತ್ತುಹೋದ ಯಾವನೋ ಕಲ್ಲುಕುಟಿಗ ಹಾಕಿಕೊಟ್ಟ ದಾರಿಯಲ್ಲಿ ಸರಾಗವಾಗಿ ಹರಿದು ಬಿಲದೊಳಗೆ ಹೋಯಿತು. ಮಿಸೆಸ್ ಕಾಂಟರ್ ಹೊರಗೆ ಓಡಿ ಕೆಳಗೋಡೆಯ ಹಿಂದೆ ತುರುಚೆಗಿಡಗಳ ನಡುವೆ ಬಗ್ಗಿ ನಿಂತಳು. ಅವಳ ದನಿ ಇಡೀ ಕಣಿವೆಗೆ ಕೇಳಿಸಿತು.

"ಬಂತೂ! ಈ ಕಡೆ ಬಂತು ಕಣ್ರೋ!"

ನಾವು ಕೂಗಿದ ಕೂಗಿಗೆ ಚಾವಣಿಯ ಗಾರೆ ಒಂದು ಚೂರು ಉದುರಿತು. ಈ ಸಲದ ನಗು ಬೇರೆ. ಇದರಲ್ಲಿ ಈಲೈಯೂ ಇದ್ದ.

ಅವನು ಡಚೆಸ್‌ಳ ಬೆನ್ನ ಮೇಲೆ ಕೈಯಿಟ್ಟು ಲ್ಯಾಟಿಮರನ ಕಡೆ ತಿರುಗಿದ. ಆ ಮುದುಕ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಮೇಜಿನ ತಲೆಯಲ್ಲಿ ಕೂತಾಗಲೂ.

"ಹೋಗಿ ಹೇಳಿ ನಿಮ್ಮ ಸರ್ ಆಂಬ್ರೋಸ್‌ಗೆ. ದಂಡನಾಯಕ ಬಂದಿದ್ರೆ ಬಂದಿರ್ಲಿ. ಬಂದಿದ್ರೆ ನಮ್ಮ ಹಸುಗಳ ಪಕ್ಕ ಕೂತು ಉಂಡ. ಅವನಿಗೆ ಅಷ್ಟು ಪುಣ್ಯ ಇತ್ತು. ಈ ಕಲ್ಲು ಕೊರೆದಿದ್ದು ನಮ್ಮೋನು, ಈ ಹಲಗೆ ಹಾಸಿದ್ದು ನಮ್ಮೋಳು. ಕೊಟ್ಟಿಗೇನ ಪಾರ್ಲರ್ ಮಾಡಕ್ಕೂ ನಮಗೆ ಗೊತ್ತು, ಪಾರ್ಲರ್‌ನ ಕೊಟ್ಟಿಗೆ ಮಾಡಕ್ಕೂ ಗೊತ್ತು. ಮೂಲಸ್ವರೂಪ ಬೇಕಿತ್ತಲ್ಲ ನಿಮಗೆ? ನೋಡ್ಕೊಳ್ಳಿ. ಟಿಕೆಟ್ ಬೇಡ."

ಲ್ಯಾಟಿಮರ್ ಟೋಪಿ ಹುಡುಕುತ್ತಿದ್ದ. ಅದರ ಮೇಲೆ ನಾವು ಕಿತ್ತ ಹಲಗೆ ಬಿದ್ದಿತ್ತು.

ಪ್ಯಾಸ್ಕೋ ಬನ್ನು ತಿಂದು ಮುಗಿಸಿ, ಬೆರಳು ಒರೆಸಿಕೊಂಡು, ನಿಂತಲ್ಲೇ ತೀರ್ಪು ಹೇಳಿದ. ದನವೂ ಮನುಷ್ಯನೂ ಒಂದೇ ಬಾಗಿಲಲ್ಲಿ ಓಡಾಡಿ ಒಂದೇ ಸೂರಿನಡಿ ಮಲಗಲೆಂದು ಹುಟ್ಟಿದ ಮನೆ ಇದು, ಯಾವ ಧಣಿಯೂ ಹಾಗೆ ಮಲಗಿದ್ದು ತಾನು ಕೇಳಿಲ್ಲ, ಆದ್ದರಿಂದ ಇದು ಉಳುವವನ ಮನೆ, ಆಮೇಲೆ ಸೇರಿಸಿದ್ದೆಲ್ಲ ಉಳುವವನೇ ಸೇರಿಸಿದ್ದು, ಒಂದನ್ನೂ ತೆಗೆಯುವ ಹಕ್ಕು ಎಸ್ಟೇಟಿಗಿಲ್ಲ.

"ಸ್ನಾನದ ತೊಟ್ಟಿ?" ಎಂದಳು ಥರ್ಝಾ.

"ಅದೂ ಸೇರಿ, ಮಿಸ್ ನಾಸ್‌ವರ್ದಿ."

ಆಗ ಅವಳು ಅತ್ತಳು. ಅಪ್ಪ ಕೆಸರು ತೋಳಿನಲ್ಲೇ ಅವಳ ತಲೆ ಸವರಿದ. "ಅಳ್ಬೇಡ ಮಗಾ. ನಿಮ್ಮಮ್ಮ ಇಷ್ಟು ವರ್ಷ ಒಬ್ಬಳೇ ಬಕೆಟ್ ಹೊತ್ತಳಲ್ಲೇ. ಒಂದು ಮಾತು ಹೇಳಿದ್ರೆ ನಾನು ಹೊರ್ತಿರಲಿಲ್ವಾ?"

*

ಹಲಗೆಗಳನ್ನು ಮತ್ತೆ ಹಾಸಿದೆವು, ಒಂದು ಸಾಲು ಬಿಟ್ಟು. ಮೇಜು ಒಳಗೆ ಬಂತು, ಗೀಚು ಹಾಗೇ ಇದೆ. ಬಂದವರಿಗೆ ಈಲೈ ಈಗಲೂ ಕತೆ ಹೇಳುತ್ತಾನೆ, ಮೊದಲಿಗಿಂತ ಉದ್ದವಾಗಿ. ಕಾಲುವೆಯ ಪಕ್ಕ ಮೊಣಕಾಲೂರಿಸಿ ಕಲ್ಲು ಸವರಿಸುತ್ತಾನೆ. ಸವರದೇ ಹೋದವರಿಗೆ ಚಹಾ ಇಲ್ಲ.

ಮುಂದಿನ ಗೇಣಿದಿನ ಬಂತು. ನಾವೆಲ್ಲ ಕೋಟು ಹಾಕಿಕೊಂಡು ಈಲೈನನ್ನು ಕರೆಯಲು ಹೋದರೆ ಮನೆಯ ಬಾಗಿಲು, ಕಿಟಕಿ ಎಲ್ಲ ತೆರೆದಿತ್ತು. ಥರ್ಝಾ ನಲ್ಲಿಯ ಬಳಿ ಬಕೆಟ್ ತುಂಬಿಸುತ್ತಿದ್ದಳು. ಈಲೈ ತೋಳು ಮಡಿಸಿ ಬಕೆಟ್ ಹೊತ್ತು ಓಣಿ ದಾಟುತ್ತಿದ್ದ.

"ಹೊತ್ತಾಯ್ತು ಈಲೈಯಪ್ಪ," ಎಂದೆ. "ಪಾರುಪತ್ಯಗಾರ ಕಾಯ್ತಿರ್ತಾನೆ."

"ಕಾಯ್ಲಿ," ಎಂದ. "ನೀವೆಲ್ಲ ಗೋಡೆ ಹಿಂದಕ್ಕೆ ಹೋಗಿ ನಿಂತ್ಕೊಳ್ಳಿ. ನೀರು ಹೇಗೆ ಬರುತ್ತೆ ನೋಡಿ ಹೇಳಿ."

ಹೋಗಿ ನಿಂತೆವು. ಒಳಗೆ ಬಕೆಟ್ ಸುರಿದ ಸದ್ದು. ತುರುಚೆಗಿಡದ ಬುಡದಲ್ಲಿ ಬಿಲದಿಂದ ನೀರು ಚಿಮ್ಮಿ ಹಳ್ಳದ ಕಡೆಗೆ ಓಡಿತು.

"ಹೇಗೆ?" ಎಂದು ಒಳಗಿನಿಂದ ಕೂಗಿದ.

"ನೆಟ್ಟಗೆ!" ಎಂದು ನಾವೆಲ್ಲ ಒಟ್ಟಿಗೆ ಕೂಗಿದೆವು.